ಸರಪಳಿ ಬಿಚ್ಚಿದ ಮೇಲೆ ಹಿಡಿದುಕೊಂಡವರು ಯಾರು?

ನಮ್ಮ ಕಡೆ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ 'ಇವನ್ನ ಧಾರವಾಡಕ್ಕ ಕಳಸಬೇಕು' ಅಂತಾರೆ. ಮಂಡ್ಯ, ಮೈಸೂರಿನ ಕಡೆ ಅದೇ ಮಾತಿಗೆ 'ನಿಮ್ಹಾನ್ಸ್‌ಗೆ ಸೇರಿಸಬೇಕು' ಅಂತಾರೆ. ನಗುತ್ತಾ ಆಡುವ ಮಾತು. ಆದರೆ ಮನೆಯಲ್ಲಿ ನಿಜವಾಗಿ ಒಬ್ಬರಿಗೆ ಕಾಯಿಲೆ ಬಂದು, ರಾತ್ರಿ ಎದ್ದು ಕೂಗಾಡಿ, ಕೈಗೆ ಸಿಕ್ಕಿದ್ದನ್ನು ಎಸೆದಾಗ ನಗು ಬರುವುದಿಲ್ಲ. ಅಕ್ಕಪಕ್ಕದವರು ಓಡಿ ಬರುತ್ತಾರೆ, ಹಗ್ಗ ತರುತ್ತಾರೆ, ನಾಲ್ಕು ಜನ ಹಿಡಿದು ಕಟ್ಟುತ್ತಾರೆ. ಬೆಳಿಗ್ಗೆ ಜೀಪು ಮಾಡಿಕೊಂಡು ಆಸ್ಪತ್ರೆಗೆ ಹೊರಡುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ಹಗ್ಗ ಬಿಚ್ಚುತ್ತಾರೆ.

ಬಿಚ್ಚಿದ ಮೇಲೆ ಆ ಮನುಷ್ಯನ ಎದುರು ನಿಲ್ಲುವವರು ಯಾರು? ಡಾಕ್ಟರ್ ರೌಂಡ್ಸ್ ಮುಗಿಸಿ ಹೋಗುತ್ತಾರೆ. ರಾತ್ರಿಯೆಲ್ಲ ವಾರ್ಡ್‌ನಲ್ಲಿ ಇರುವವರು ನರ್ಸ್‌ಗಳು, ನಾವು ಸಿಸ್ಟರ್, ಬ್ರದರ್ ಅಂತ ಕರೆಯುವವರು. ಈ ಕೆಲಸಕ್ಕೂ ಒಂದು ಇತಿಹಾಸ ಇದೆ. ಅದನ್ನು ಇವತ್ತು ಸ್ವಲ್ಪ ಹೇಳುತ್ತೇನೆ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಮಾಡುವುದಿಲ್ಲ. ಅವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು. ನಾನು ಬರೆಯುತ್ತಿರುವುದು ಉಳಿದ ಕೆಲವರ ಬಗ್ಗೆ, ಅದೂ ಕಾಯಿಲೆ ಜೋರಾಗಿರುವ ಕೆಲವು ದಿನಗಳ ಬಗ್ಗೆ.

ಕಥೆ ಶುರುವಾಗುವುದು ಫ್ರಾನ್ಸ್ ದೇಶದಲ್ಲಿ. ಪ್ಯಾರಿಸ್ ಪಕ್ಕದ ಬಿಸೆತ್ರ್ ಎಂಬ ದೊಡ್ಡ ಆಸ್ಪತ್ರೆಗೆ 1771ರಲ್ಲಿ ಜಾನ್ ಬಾಪ್ತಿಸ್ತ್ ಪುಸ್ಸಾನ್ ಎಂಬ ಯುವಕ ಬಂದು ಸೇರಿದ. ಚರ್ಮ ಹದ ಮಾಡುವ ಕಸುಬಿನವನು. ಗಂಡಮಾಲೆ, ಅಂದರೆ ಕುತ್ತಿಗೆಯಲ್ಲಿ ಗಂಟು ಏಳುವ ಕ್ಷಯ ಅವನಿಗೆ ಬಂದಿತ್ತು. ಕಾಯಿಲೆ ವಾಸಿಯಾದರೂ ಅವನು ಊರಿಗೆ ಹೋಗಲಿಲ್ಲ. ಆಸ್ಪತ್ರೆಯಲ್ಲೇ ಕೆಲಸಕ್ಕೆ ನಿಂತ, ಮುಂದೆ ಮಾನಸಿಕ ರೋಗಿಗಳ ವಿಭಾಗದ ಮೇಲ್ವಿಚಾರಕನಾದ. ಹೆಂಡತಿ ಮಾರ್ಗರೀತ್ ಕೂಡ ಅಲ್ಲೇ ಜೊತೆಯಲ್ಲಿ ದುಡಿದಳು. ಆ ಕಾಲಕ್ಕೆ ಅಲ್ಲಿ ಕಬ್ಬಿಣದ ಸರಪಳಿ ಸಾಮಾನ್ಯ ಸಂಗತಿ. ವರ್ಷಗಟ್ಟಲೆ ಕಟ್ಟಿಹಾಕಿದವರಿದ್ದರು.

ಪುಸ್ಸಾನ್ ಡಾಕ್ಟರ್ ಅಲ್ಲ, ದೊಡ್ಡ ಓದು ಓದಿದವನಲ್ಲ. ಆದರೆ ಅವನು ಒಂದು ನಿಯಮ ಮಾಡಿದ: ಕೆಲಸದವರು ಯಾವ ಕಾರಣಕ್ಕೂ ರೋಗಿಯನ್ನು ಹೊಡೆಯಕೂಡದು, ರೋಗಿ ಹೊಡೆದರೂ ತಿರುಗಿ ಹೊಡೆಯಕೂಡದು. ಹೊಡೆಯುವ ಅಭ್ಯಾಸದವರನ್ನು ತೆಗೆದುಹಾಕಿ, ಕಾಯಿಲೆ ವಾಸಿಯಾದ ರೋಗಿಗಳನ್ನೇ ಕೆಲಸಕ್ಕೆ ಇಟ್ಟುಕೊಂಡ. ಅವರಿಗೆ ಆ ಸಂಕಟ ಒಳಗಿನಿಂದ ಗೊತ್ತು. 1797ರಲ್ಲಿ ಅವನು ಬಿಸೆತ್ರ್‌ನಲ್ಲಿ ಸರಪಳಿ ತೆಗೆಸಿದ. ಅದರ ಬದಲಿಗೆ, ತೀರಾ ಬೇಕಾದಾಗ ಮಾತ್ರ, ಉದ್ದ ತೋಳಿನ ದಪ್ಪ ಬಟ್ಟೆಯ ಅಂಗಿ ತೊಡಿಸಿ ಕೈಗಳನ್ನು ಕಟ್ಟುತ್ತಿದ್ದರು. ಅದೂ ಬಂಧನವೇ, ಆದರೆ ಕಬ್ಬಿಣ ಅಲ್ಲ.

ಈ ಹೆಸರು ನೀವು ಕೇಳಿರಲಾರಿರಿ. ಮನೋವೈದ್ಯರು ಓದುವ ಪಠ್ಯದಲ್ಲಿ ಸರಪಳಿ ಬಿಚ್ಚಿದವರು ಅಂತ ಬರುವ ಹೆಸರು ಡಾಕ್ಟರ್ ಫಿಲಿಪ್ ಪಿನೆಲ್ ಅವರದು. ಪಿನೆಲ್ 1793ರಲ್ಲಿ ಬಿಸೆತ್ರ್‌ಗೆ ಬಂದರು, ಪುಸ್ಸಾನ್ ಮಾಡುವುದನ್ನು ನೋಡಿ ಕಲಿತರು, ಎರಡು ವರ್ಷದ ಮೇಲೆ ಸಾಲ್ಪೆಟ್ರಿಯೇರ್ ಎಂಬ ಹೆಂಗಸರ ಆಸ್ಪತ್ರೆಗೆ ಹೋದರು. ಬಿಸೆತ್ರ್‌ನಲ್ಲಿ ಸರಪಳಿ ತೆಗೆದಾಗ ಅವರು ಅಲ್ಲಿರಲೇ ಇಲ್ಲ. ಪಿನೆಲ್ ಪ್ರಾಮಾಣಿಕ ಮನುಷ್ಯ, ತಮ್ಮ ಪುಸ್ತಕದಲ್ಲಿ ಪುಸ್ಸಾನ್‌ನನ್ನು ಹೊಗಳಿದ್ದಾರೆ, ಸಿಟ್ಟಿಗೆದ್ದ ರೋಗಿಗಳನ್ನು ಅವನ ಹೆಂಡತಿ ಜಾಣತನದಿಂದ ಸಂಭಾಳಿಸುತ್ತಿದ್ದುದನ್ನೂ ಬರೆದಿದ್ದಾರೆ. ಮುಂದೆ ಅವನನ್ನು ತಮ್ಮ ಆಸ್ಪತ್ರೆಗೇ ಕರೆಸಿಕೊಂಡರು. ಆದರೂ ನಂತರ ಬಂದ ಚಿತ್ರಕಾರರು ಬಿಡಿಸಿದ ದೊಡ್ಡ ದೊಡ್ಡ ಚಿತ್ರಗಳ ನಡುವೆ ನಿಂತಿರುವುದು ಡಾಕ್ಟರ್. ಜಿಲ್ಲಾ ಸ್ಟ್ರಿಂಗರ್‌ಗಳಿಗೆ ಇದು ಹೊಸ ಕಥೆಯೇನಲ್ಲ. ಬಿಸಿಲಲ್ಲಿ ಅಲೆದು ಸುದ್ದಿ ತಂದವನು ಒಬ್ಬ, ಹೆಸರು ಅಚ್ಚಾಗುವುದು ಇನ್ನೊಬ್ಬರದು.

ಇಂಗ್ಲೆಂಡಿನ ಲಿಂಕನ್ ಎಂಬ ಊರಿನ ಆಸ್ಪತ್ರೆಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿ 1829ರಲ್ಲಿ ಒಬ್ಬ ರೋಗಿಯನ್ನು ರಾತ್ರಿ ಕೈಕಟ್ಟುವ ಅಂಗಿ ತೊಡಿಸಿ, ಹಾಸಿಗೆಗೆ ಬಿಗಿದು, ಒಬ್ಬನನ್ನೇ ಬಿಟ್ಟು ಹೋದರು. ಬೆಳಿಗ್ಗೆ ನೋಡಿದರೆ ಕುತ್ತಿಗೆ ಬಿಗಿದು ಸತ್ತಿದ್ದ. ಆ ಸಾವಿನ ನಂತರ ಆಸ್ಪತ್ರೆಯವರು ಒಂದು ಕೆಲಸ ಮಾಡಿದರು. ರೋಗಿಯನ್ನು ಕಟ್ಟಿದಾಗಲೆಲ್ಲ ಯಾರನ್ನು, ಎಷ್ಟು ಹೊತ್ತು ಎಂದು ಪುಸ್ತಕದಲ್ಲಿ ಬರೆಯತೊಡಗಿದರು. ನಮ್ಮ ಹಾಲಿನ ಡೇರಿಯಲ್ಲಿ ಲೀಟರ್ ಬರೆದ ಹಾಗೆ, ಅಷ್ಟೇ.

ಆ ಲೆಕ್ಕ ನೋಡಿ. 1830ರಲ್ಲಿ ಆಸ್ಪತ್ರೆಯಲ್ಲಿದ್ದ 92 ರೋಗಿಗಳ ಪೈಕಿ 54 ಜನರನ್ನು ಕಟ್ಟಲಾಗಿತ್ತು, ಒಟ್ಟು 27,000 ಗಂಟೆಗೂ ಹೆಚ್ಚು. ಏಳು ವರ್ಷ ಕಳೆದು 1837ಕ್ಕೆ ಬಂದರೆ ರೋಗಿಗಳು 130, ಕಟ್ಟಿದ್ದು ಇಬ್ಬರನ್ನು ಮಾತ್ರ, ಒಟ್ಟು 28 ಗಂಟೆ. ಮರುವರ್ಷ ಅಲ್ಲಿನ ಯುವ ಸರ್ಜನ್ ರಾಬರ್ಟ್ ಗಾರ್ಡಿನರ್ ಹಿಲ್ ಅದನ್ನೂ ನಿಲ್ಲಿಸಿದರು. ಈ ಅಂಕಿ ನೋಡಿದಾಗ ನನಗೆ ಅನ್ನಿಸಿದ್ದು ಇಷ್ಟು: ರೋಗಿಗಳು ಏಳು ವರ್ಷದಲ್ಲಿ ಬೇರೆ ಜಾತಿಯ ಮನುಷ್ಯರಾಗಿ ಬದಲಾಗಿರಲಿಲ್ಲ. ಬರೆಯಬೇಕು ಅಂತಾದ ಮೇಲೆ ಕಟ್ಟುವ ಕೈ ಯೋಚನೆ ಮಾಡತೊಡಗಿತ್ತು.

ಆದರೆ ಹಿಲ್ ಒಂದು ಷರತ್ತು ಹಾಕಿದ್ದರು, ಅದನ್ನು ಜನ ಬೇಗ ಮರೆತರು. ಹಗ್ಗ ಬೇಡ ಅಂದರೆ ಆಳು ಬೇಕು. ಎತ್ತರದ, ಗಟ್ಟಿಮುಟ್ಟಾದ, ತಾಳ್ಮೆಯ ಪರಿಚಾರಕರು ಬೇಕು, ಅವರ ಸಂಖ್ಯೆ ಸಾಕಷ್ಟಿರಬೇಕು, ರಾತ್ರಿ ಕಾವಲು ಇರಬೇಕು. ಇದು ಖರ್ಚಿನ ಮಾತು. ವಿರೋಧ ಎದ್ದಿತು, 1840ರಲ್ಲಿ ಹಿಲ್ ಕೆಲಸ ಬಿಡಬೇಕಾಯಿತು. ಅಷ್ಟರಲ್ಲಿ ಲಂಡನ್ ಹತ್ತಿರದ ಹ್ಯಾನ್‌ವೆಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಜಾನ್ ಕೊನೊಲಿ, 1839ರಲ್ಲಿ, ಸುಮಾರು 800 ರೋಗಿಗಳಿದ್ದ ಕಡೆ ಕೆಲವೇ ತಿಂಗಳಲ್ಲಿ ಕಟ್ಟುವುದನ್ನು ನಿಲ್ಲಿಸಿ ದೇಶಕ್ಕೆಲ್ಲ ಹೆಸರಾದರು. ಹಿಲ್ ಕೊನೆಯವರೆಗೂ 'ಮೊದಲು ಮಾಡಿದ್ದು ನಾನು' ಅಂತ ಜಗಳ ಆಡಿದರು. ಪಾಪ, ಅವರು ಹೇಳಿದ್ದೂ ಸರಿಯೇ. ಕೊನೊಲಿ ಮಾತ್ರ ಒಂದು ಮಾತು ಸ್ಪಷ್ಟ ಮಾಡಿದ್ದರು: ಆಸ್ಪತ್ರೆ ಚೆನ್ನಾಗಿ ನಡೆಯುವುದು ಪರಿಚಾರಕರ ಮೇಲೆ, ಅವರಿಗೆ ಒಳ್ಳೆಯ ಸಂಬಳ ಕೊಡಿ.

ಸಂಬಳವೂ ಬರಲಿಲ್ಲ, ಜನವೂ ಬರಲಿಲ್ಲ. ಆಸ್ಪತ್ರೆಗಳು ಮಾತ್ರ ಊದುತ್ತಾ ಹೋದವು. ಹಗ್ಗ ಇಲ್ಲ, ಆಳು ಕಡಿಮೆ, ರೋಗಿ ನೂರಾರು. ಆಗ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. 1870ರ ಹೊತ್ತಿಗೆ ಇಂಗ್ಲೆಂಡಿನ ವೈದ್ಯ ಪತ್ರಿಕೆಗಳಲ್ಲಿ ಪಕ್ಕೆಲುಬು ಮುರಿದು ಸತ್ತ ರೋಗಿಗಳ ಬಗ್ಗೆ ಚರ್ಚೆ ನಡೆಯುತ್ತಿತ್ತು. ಹಗ್ಗದ ಜಾಗಕ್ಕೆ ಮೊಣಕಾಲು ಬಂದಿತ್ತು. ಪರಿಚಾರಕ ರೋಗಿಯ ಎದೆಯ ಮೇಲೆ ಮೊಣಕಾಲೂರಿ ಹಿಡಿಯುತ್ತಿದ್ದ. ಅವನನ್ನು ರಾಕ್ಷಸ ಅಂದುಬಿಡುವುದು ಸುಲಭ. ಹಿಡಿಯುವುದು ಹೇಗೆ ಅಂತ ಅವನಿಗೆ ಯಾರೂ ಕಲಿಸಿರಲಿಲ್ಲ ಎಂಬುದೂ ಅಷ್ಟೇ ನಿಜ. ಕಲಿಸುವ ಕೆಲಸ ಆಮೇಲೆ ಶುರುವಾಯಿತು. 1885ರಲ್ಲಿ ಬ್ರಿಟನ್ನಿನ ಮನೋವೈದ್ಯರ ಸಂಘ ಪರಿಚಾರಕರಿಗಾಗಿ ಒಂದು ಕೈಪಿಡಿ ತಂದಿತು, 1891ರಲ್ಲಿ ಪರೀಕ್ಷೆ ಶುರುವಾಯಿತು. ಕಾವಲುಗಾರ ನಿಧಾನವಾಗಿ ನರ್ಸ್ ಆದ.

1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯ ಗುಣ ತಿಳಿದ ಮೇಲೆ ವಾರ್ಡ್‌ಗಳ ಗದ್ದಲವೇ ಇಳಿಯಿತು. ಅದರ ಬಗ್ಗೆ ಬೇರೆ ಕಡೆ ಬೇಕಾದಷ್ಟು ಬರೆದಿದ್ದಾರೆ. ಇಲ್ಲಿ ಒಂದು ಹತ್ತಿರದ ವಿಷಯ ಹೇಳುತ್ತೇನೆ. ರೋಗಿ ಕೂಗಾಡುವಾಗ 'ಯಾವುದೋ ಇಂಜೆಕ್ಷನ್ ಚುಚ್ಚಿ ಮಲಗಿಸಿಬಿಟ್ಟರು' ಅಂತ ನಮ್ಮ ಜನ ಹೆದರುತ್ತಾರಲ್ಲ, ಆ ಇಂಜೆಕ್ಷನ್‌ಗಳಲ್ಲಿ ಯಾವುದು ಮೇಲು ಅಂತ ಹೋಲಿಸಿ ನೋಡಿದ ಮುಖ್ಯ ಅಧ್ಯಯನಗಳಲ್ಲಿ ಒಂದು ನಡೆದದ್ದು ನಮ್ಮ ನೆರೆಯ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ, 200 ರೋಗಿಗಳ ಮೇಲೆ. 2004ರಲ್ಲಿ ಪ್ರಕಟವಾಯಿತು. ಹ್ಯಾಲೊಪೆರಿಡಾಲ್ ಜೊತೆ ಪ್ರೊಮೆಥಜಿನ್ ಸೇರಿಸಿ ಕೊಟ್ಟರೆ ಲೊರಾಜೆಪಾಮ್‌ಗಿಂತ ಬೇಗ ಶಾಂತರಾಗುತ್ತಾರೆ ಎಂದು ಅದರಿಂದ ತಿಳಿಯಿತು. ಅಂದರೆ ಅದು ಕಣ್ಣುಮುಚ್ಚಿ ಚುಚ್ಚುವ ಸೂಜಿಯಲ್ಲ. ಆದರೆ ಸೂಜಿ ಚುಚ್ಚುವುದಕ್ಕೂ ಯಾರಾದರೂ ಹತ್ತಿರ ಹೋಗಲೇಬೇಕು.

ಈಗ ನಮ್ಮ ರಾಜ್ಯಕ್ಕೆ ಬರೋಣ. ಧಾರವಾಡದ ಆಸ್ಪತ್ರೆ, ಬೆಂಗಳೂರಿನ ಆಸ್ಪತ್ರೆ ಎರಡೂ ಬ್ರಿಟಿಷರ ಕಾಲದಲ್ಲಿ ಶುರುವಾದವು. ಬೆಂಗಳೂರಿನದನ್ನು 1925ರಲ್ಲಿ ಮೈಸೂರು ಸರ್ಕಾರ 'ಹುಚ್ಚರ ಆಶ್ರಯ' ಎಂಬ ಅರ್ಥದ ಹಳೆಯ ಇಂಗ್ಲಿಷ್ ಹೆಸರು ತೆಗೆದು 'ಮಾನಸಿಕ ಆಸ್ಪತ್ರೆ' ಅಂತ ಕರೆಯಿತು. ಹೆಸರು ಬದಲಾಗುವುದು ಸಣ್ಣ ವಿಷಯವಲ್ಲ. ಆದರೂ ದೇಶದ ಸ್ಥಿತಿ ಹೇಗಿತ್ತು ಅಂದರೆ, 1946ರ ಭೋರ್ ಸಮಿತಿಯ ಲೆಕ್ಕದಲ್ಲಿ ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಹಾಸಿಗೆ ಸುಮಾರು 10,000, ಅಂದರೆ 40,000 ಜನಕ್ಕೆ ಒಂದು.

ಸ್ವಾತಂತ್ರ್ಯ ಬಂದ ಮೇಲೆ, 1954ರ ಡಿಸೆಂಬರ್ 27ರಂದು, ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಅದರ ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. ಡಾಕ್ಟರುಗಳಿಗೆ ತರಬೇತಿ ಕೊಟ್ಟ ಹಾಗೆಯೇ ಆ ದಶಕದಲ್ಲೇ ನರ್ಸ್‌ಗಳಿಗೂ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಅಲ್ಲಿ ಶುರುವಾಯಿತು. ಅದೇ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಕಾವಲು ಕಾಯುವವರ ಜಾಗದಲ್ಲಿ ಕಲಿತ ನರ್ಸ್ ನಿಲ್ಲಬೇಕು ಅನ್ನುವ ಯೋಚನೆ ನಮ್ಮ ನೆಲದಲ್ಲಿ ಬೇರು ಬಿಟ್ಟ ಜಾಗಗಳಲ್ಲಿ ಇದು ಮುಖ್ಯವಾದದ್ದು.

ಅದೇ ಕಾಲಕ್ಕೆ ಪಂಜಾಬಿನ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಇನ್ನೊಂದು ದಾರಿ ಹಿಡಿದರು. ಹಾಸಿಗೆ ಸಾಲದೆ, ಆಳು ಸಾಲದೆ, ಆಸ್ಪತ್ರೆಯ ಮೈದಾನದಲ್ಲಿ ಟೆಂಟ್ ಹಾಕಿಸಿ ರೋಗಿಯ ಮನೆಯವರನ್ನೇ ಜೊತೆಗೆ ಉಳಿಸಿಕೊಂಡರು. ಮನೆಯವರು ಎದುರಿಗಿದ್ದಾಗ ರೋಗಿಯ ಭಯ ಕಡಿಮೆಯಾಯಿತು, ಬೇಗ ಮನೆಗೆ ಹೋದರು. ಮುಂದೆ ವೆಲ್ಲೂರು, ಬೆಂಗಳೂರುಗಳಲ್ಲೂ ಮನೆಯವರು ಜೊತೆಗಿರುವ ವಾರ್ಡ್ ಬಂದವು. ಇವತ್ತು ಆಸ್ಪತ್ರೆಯಲ್ಲಿ 'ಅಟೆಂಡರ್ ಯಾರು?' ಅಂತ ಕೇಳಿ ನಿಮ್ಮನ್ನು ಪೇಶೆಂಟ್ ಪಕ್ಕ ಕೂರಿಸುತ್ತಾರಲ್ಲ, ಅದರ ಹಿಂದೆ ಈ ಕಥೆಯೂ ಇದೆ. ಇದರಲ್ಲಿ ಒಳ್ಳೆಯದೂ ಇದೆ, ಸರ್ಕಾರ ಕೊಡಬೇಕಾದ ಆಳಿನ ಕೆಲಸ ನಮ್ಮ ತಲೆಗೆ ಬಂತು ಎಂಬ ಕೊಂಕೂ ಇದೆ.

ಕಲಿತ ನರ್ಸ್ ಆ ಹೊತ್ತಿನಲ್ಲಿ ಏನು ಮಾಡುತ್ತಾರೆ? ನೋಡುವವರಿಗೆ ಏನೂ ಮಾಡಿದ ಹಾಗೆ ಕಾಣುವುದಿಲ್ಲ. ಒಂದು ಮಾರು ದೂರ ನಿಲ್ಲುತ್ತಾರೆ, ಎದುರಾ ಎದುರು ಅಲ್ಲ, ಸ್ವಲ್ಪ ಓರೆಯಾಗಿ. ಕೈಗಳು ಖಾಲಿ, ಕಾಣುವ ಹಾಗೆ. ಬಾಗಿಲನ್ನು ಅಡ್ಡಗಟ್ಟುವುದಿಲ್ಲ, ಬೆನ್ನು ತಿರುಗಿಸುವುದಿಲ್ಲ. ಸುತ್ತ ನೆರೆದವರನ್ನು ಚದುರಿಸುತ್ತಾರೆ, ಯಾಕೆಂದರೆ ಜನರ ಎದುರು ಯಾರೂ ಸೋಲಲು ಒಪ್ಪುವುದಿಲ್ಲ. ಮಾತಾಡುವವರು ಒಬ್ಬರೇ, ಸಣ್ಣ ದನಿಯಲ್ಲಿ, ಹೆಸರು ಹಿಡಿದು. 'ಸುಮ್ಮನೆ ಕೂತ್ಕೋ' ಅನ್ನುವುದಿಲ್ಲ. 'ಏನಾಯ್ತು ಅಣ್ಣಾ, ನೀರು ಕುಡೀತೀರಾ, ಹೊರಗೆ ಕೂರೋಣ್ವಾ?' ಅಂತ ಕೇಳುತ್ತಾರೆ. ಆಯ್ಕೆ ಕೊಟ್ಟರೆ ಸಿಟ್ಟಿಗೆ ಒಂದು ದಾರಿ ಸಿಗುತ್ತದೆ. ವಾರ್ಡ್‌ನಲ್ಲಿ ಸಿಟ್ಟು ಏಳುವುದು ಹೆಚ್ಚಾಗಿ ಯಾವುದಾದರೂ 'ಇಲ್ಲ'ದ ನಂತರ. ಮನೆಗೆ ಹೋಗಬೇಕು, ಇಲ್ಲ. ಬೀಡಿ ಬೇಕು, ಇಲ್ಲ. ಫೋನ್ ಮಾಡಬೇಕು, ಈಗ ಇಲ್ಲ. ಕಿವಿಯಲ್ಲಿ ಯಾರೋ 'ನಿನ್ನನ್ನು ಕೊಲ್ಲುತ್ತಾರೆ' ಅಂತ ಹೇಳುತ್ತಿರುವಾಗ ಎದುರಿನವರು ಹೇಳುವ 'ಇಲ್ಲ' ಹೇಗೆ ಕೇಳಿಸಬಹುದು, ಯೋಚಿಸಿ.

ಇಷ್ಟಾದರೂ ಕೆಲವೊಮ್ಮೆ ಹಿಡಿಯಲೇಬೇಕಾಗುತ್ತದೆ. ಆ ಹಿಡಿಯುವುದರಲ್ಲೇ ಜೀವ ಹೋಗಬಹುದು. 1998ರಲ್ಲಿ ಇಂಗ್ಲೆಂಡಿನ ನಾರಿಚ್ ಎಂಬ ಊರಿನ ಆಸ್ಪತ್ರೆಯಲ್ಲಿ ಡೇವಿಡ್ ಬೆನೆಟ್ ಎಂಬ ಕಪ್ಪು ವರ್ಣದ ರೋಗಿಗೂ ಇನ್ನೊಬ್ಬ ರೋಗಿಗೂ ವಾರ್ಡ್‌ನ ಫೋನ್ ಬಳಸುವ ವಿಷಯಕ್ಕೆ ಜಗಳವಾಯಿತು. ಆ ಇನ್ನೊಬ್ಬ ಬೆನೆಟ್‌ರ ಬಣ್ಣ ಎತ್ತಿ ಬೈದ. ಆದರೆ ಬೇರೆ ವಾರ್ಡ್‌ಗೆ ಹೋಗಬೇಕಾದವರು ಬೆನೆಟ್. ಅವರು ನರ್ಸ್‌ಗೆ ಹೊಡೆದರು. ಹಲವರು ಸೇರಿ ಅವರನ್ನು ಬೋರಲಾಗಿ ಕೆಡವಿ ಒತ್ತಿ ಹಿಡಿದರು, ಅವರು ಅಲ್ಲೇ ಸತ್ತರು. ವಿಚಾರಣೆಯ ವರದಿ 2004ರಲ್ಲಿ ಬಂತು. ಬೋರಲಾಗಿ ಮಲಗಿಸಿ ಮೂರು ನಿಮಿಷಕ್ಕಿಂತ ಹೆಚ್ಚು ಯಾರನ್ನೂ ಹಿಡಿಯಬಾರದು ಎಂದು ಅದು ಹೇಳಿತು. ಮನೆಯಲ್ಲಿ ಯಾರನ್ನಾದರೂ ಹಿಡಿಯಬೇಕಾಗಿ ಬಂದರೆ ಇದೊಂದು ನೆನಪಿರಲಿ: ಬೋರಲು ಹಾಕಿ ಬೆನ್ನ ಮೇಲೆ ಕೂರಬೇಡಿ, ಉಸಿರು ನಿಲ್ಲುತ್ತದೆ.

ನಮ್ಮ ದೇಶದ ದೊಡ್ಡ ಪಾಠ ಬೇರೆ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಎರ್ವಾಡಿಯಲ್ಲಿ ದರ್ಗಾದ ಸುತ್ತ ರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಗುಡಿಸಲುಗಳಿದ್ದವು. 2001ರ ಆಗಸ್ಟ್ 6ರ ಬೆಳಗಿನ ಜಾವ ಒಂದಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಲಾಗಿತ್ತು, ಓಡಲಾಗಲಿಲ್ಲ. 28 ಜನ ಸತ್ತರು. ಅಲ್ಲಿ ನರ್ಸ್ ಇರಲಿಲ್ಲ, ಸರಪಳಿಯೇ ನರ್ಸ್ ಕೆಲಸ ಮಾಡುತ್ತಿತ್ತು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು.

ಈಗಿರುವುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2018ರ ಮೇ 29ರಿಂದ ಜಾರಿಯಲ್ಲಿದೆ. 95ನೇ ಸೆಕ್ಷನ್ ಪ್ರಕಾರ ರೋಗಿಗೆ ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ. 97ನೇ ಸೆಕ್ಷನ್ ಪ್ರಕಾರ ಒಬ್ಬಂಟಿಯಾಗಿ ಕೂಡಿಹಾಕುವಂತಿಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ಅಗತ್ಯ ಇರುವಷ್ಟೇ ಹೊತ್ತು ಹಿಡಿದಿಡಬಹುದು. ಯಾಕೆ, ಹೇಗೆ, ಎಷ್ಟು ಹೊತ್ತು ಅಂತ ಕೂಡಲೇ ಬರೆಯಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ ತಿಳಿಸಬೇಕು. ಸಾಮಾನ್ಯವಾಗಿ ಆ ಪ್ರತಿನಿಧಿ ನೀವೇ, ಮನೆಯವರು, ಆಗಿರುತ್ತೀರಿ. ಕೇಳುವ ಹಕ್ಕು ನಿಮಗಿದೆ. ಲಿಂಕನ್‌ನ ಆ ಲೆಕ್ಕದ ಪುಸ್ತಕ ಎರಡು ಶತಮಾನ ಸುತ್ತಿ ನಮ್ಮ ಕಾನೂನಿಗೆ ಬಂದಿದೆ. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಸಾಲಿದೆ: ಶಿಕ್ಷೆ ಕೊಡಲು ಕಟ್ಟಬಾರದು, ಸಿಬ್ಬಂದಿ ಕಡಿಮೆ ಇದ್ದಾರೆ ಅನ್ನುವ ಕಾರಣಕ್ಕೂ ಕಟ್ಟಬಾರದು. ಒಳ್ಳೆಯ ಸಾಲು. ಸಿಬ್ಬಂದಿ ಕಡಿಮೆ ಇರುವುದು ಮಾತ್ರ ಹಾಗೇ ಇದೆ. ರಾತ್ರಿ ಪಾಳಿಯಲ್ಲಿ ದೊಡ್ಡ ವಾರ್ಡ್‌ಗೆ ಇಬ್ಬರು ನರ್ಸ್ ಕೊಟ್ಟು 'ಮಾತಾಡಿ ಸಮಾಧಾನ ಮಾಡಿ' ಅನ್ನುವುದು, ಪಂಪ್‌ಸೆಟ್‌ಗೆ ಕರೆಂಟ್ ಕೊಡದೆ ಗದ್ದೆಗೆ ನೀರು ಹಾಯಿಸು ಅಂದ ಹಾಗೆ. ಹಿಲ್ ಹೇಳಿದ್ದೂ ಇದನ್ನೇ.

ಇನ್ನು ಗಲಾಟೆ ಮುಗಿದ ಮೇಲಿನ ಮಾತು. ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಕಡಿಮೆ ಬರೆದಿರುವುದು ಇದರ ಬಗ್ಗೆ. ರೋಗಿ ಶಾಂತನಾದ. ಇಂಜೆಕ್ಷನ್ ಆಯಿತು, ಮಲಗಿದ. ಎದ್ದ ಮೇಲೆ ಅವನಿಗೆ ಎಷ್ಟೋ ನೆನಪಿರುತ್ತದೆ, ಎಷ್ಟೋ ಇರುವುದಿಲ್ಲ, ಆದರೆ ಯಾರೋ ತನ್ನನ್ನು ಒತ್ತಿ ಹಿಡಿದದ್ದು ಮೈಗೆ ನೆನಪಿರುತ್ತದೆ. ನಾಚಿಕೆ ಇರುತ್ತದೆ. ಪಕ್ಕದ ಹಾಸಿಗೆಯವರು ಎಲ್ಲ ನೋಡಿದ್ದಾರೆ, ನಾಳೆ ನನಗೂ ಹೀಗೇನಾ ಅಂತ ಹೆದರಿದ್ದಾರೆ.

ಇಂಗ್ಲೆಂಡಿನಲ್ಲಿ ಲೆನ್ ಬವರ್ಸ್ ಎಂಬ ನರ್ಸ್, ಮುಂದೆ ಪ್ರೊಫೆಸರ್ ಆದವರು, ಇದನ್ನೇ ಹಿಡಿದು ಕೆಲಸ ಮಾಡಿದರು. ಅವರ ತಂಡ 15 ಆಸ್ಪತ್ರೆಗಳ 31 ವಾರ್ಡ್‌ಗಳಲ್ಲಿ 'ಸೇಫ್‌ವಾರ್ಡ್ಸ್' ಎಂಬ ಹತ್ತು ಸಣ್ಣ ಅಭ್ಯಾಸಗಳನ್ನು ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಜಗಳ, ಗಲಾಟೆ ಶೇಕಡಾ 15ರಷ್ಟು ಇಳಿದಿತ್ತು. ಹಿಡಿಯುವುದು, ಕೂಡಿಹಾಕುವುದು, ಬಲವಂತದ ಔಷಧಿಯಂಥವು ಶೇಕಡಾ 26ರಷ್ಟು ಇಳಿದಿದ್ದವು. ಆ ಅಭ್ಯಾಸಗಳಲ್ಲಿ ಯಂತ್ರವಿಲ್ಲ, ಔಷಧಿಯಿಲ್ಲ. ಕೆಟ್ಟ ಸುದ್ದಿ ಹೇಳುವ ಮೊದಲು ಯೋಚಿಸುವುದು, ಪಾಳಿ ಬದಲಾಗುವಾಗ ಪ್ರತಿ ರೋಗಿಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಹೋಗುವುದು, ಬಿಡುಗಡೆಯಾಗಿ ಹೋಗುವವರು ಉಳಿದವರಿಗೆ ಧೈರ್ಯದ ಮಾತು ಬರೆದಿಟ್ಟು ಹೋಗುವುದು, ಗಲಾಟೆಯಾದ ಮೇಲೆ ವಾರ್ಡ್‌ನ ಪ್ರತಿಯೊಬ್ಬರ ಹತ್ತಿರ ಹೋಗಿ ಏನಾಯಿತು ಅಂತ ಹೇಳಿ ಸಮಾಧಾನ ಮಾಡುವುದು. ನಮ್ಮ ಊರಲ್ಲಿ ಹಿರಿಯರು ಮಾಡುತ್ತಿದ್ದುದೂ ಹೀಗೇ ಅಲ್ಲವೆ? ಜಗಳ ಆದ ಮರುದಿನ ಎರಡೂ ಮನೆಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು.

ನರ್ಸ್‌ನ ಕಡೆಯದು ಇನ್ನೂ ಮೌನ. ಕೆನ್ನೆಗೆ ಏಟು ಬಿದ್ದಿದೆ, ಕೈ ಪರಚಿದೆ. ಅರ್ಧ ಗಂಟೆಯ ಮೇಲೆ ಅದೇ ಮನುಷ್ಯನಿಗೆ ಊಟದ ತಟ್ಟೆ ಕೊಡಬೇಕು, ಅದೇ ಮುಖದಿಂದ. ಭಯ ಇರುತ್ತದೆ, ಸಿಟ್ಟೂ ಇರುತ್ತದೆ, ಸಿಟ್ಟು ಬಂತಲ್ಲ ಅನ್ನುವ ಸಂಕೋಚವೂ ಇರುತ್ತದೆ. ಹೊರದೇಶಗಳ ಅನೇಕ ಆಸ್ಪತ್ರೆಗಳಲ್ಲಿ ಇಂಥ ಘಟನೆಯ ನಂತರ ಎಲ್ಲರೂ ಕೂತು ಮಾತಾಡುವ ಪದ್ಧತಿ ಇದೆ. ಯಾರ ತಪ್ಪು ಅಂತ ಅಲ್ಲ, ಏನಾಯಿತು, ಮುಂದಿನ ಸಲ ಏನು ಬೇರೆ ಮಾಡಬಹುದು ಅಂತ. ರೋಗಿಯನ್ನೂ ಕೇಳುತ್ತಾರೆ. ಆದರೆ ಎಷ್ಟೋ ನರ್ಸ್‌ಗಳು ಏಟು ಬಿದ್ದದ್ದನ್ನು ವರದಿ ಮಾಡುವುದೇ ಇಲ್ಲ. 'ಇದು ಕೆಲಸದ ಭಾಗ' ಅಂದುಕೊಳ್ಳುತ್ತಾರೆ, ಇಲ್ಲವೇ ಮೇಲಿನವರು 'ನೀನೇ ಏನಾದರೂ ಅಂದಿರಬೇಕು' ಅಂತಾರೆ ಎಂಬ ಹೆದರಿಕೆ. ಇದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ. ರೋಗಿಯನ್ನು ಹಿಡಿದರೆ ನಮ್ಮ ಕಾಯ್ದೆಯ ಪ್ರಕಾರ ಬರೆಯಬೇಕು, ತಿಂಗಳಿಗೊಮ್ಮೆ ಮಂಡಳಿಗೆ ವರದಿ ಹೋಗಬೇಕು. ಆ ಸೆಕ್ಷನ್‌ನಲ್ಲಿ ನರ್ಸ್‌ಗೆ ಬಿದ್ದ ಏಟಿನ ಮಾತಿಲ್ಲ.

ಮನೆಯಲ್ಲಿ ಈ ಕೆಲಸ ಮಾಡುತ್ತಿರುವ ತಾಯಿ, ಹೆಂಡತಿ, ಅಣ್ಣ ತಮ್ಮಂದಿರಿಗಂತೂ ಪಾಳಿ ಮುಗಿಯುವುದೇ ಇಲ್ಲ. ಅಂಥವರು ಯಾರಾದರೂ ಇದನ್ನು ಓದುತ್ತಿದ್ದರೆ, ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರೋಗಿಯ ಬಗ್ಗೆ ಅಷ್ಟೇ ಅಲ್ಲ, ನೋಡಿಕೊಳ್ಳುವ ನಿಮ್ಮ ಬಗ್ಗೆಯೂ ಕೇಳಬಹುದು.